ಕ್ರೀಡಾ ನೀತಿ: ದೆಹಲಿಯಿಂದ ಬತ್ತಲಗುಂಡಿನ ಕಬಡ್ಡಿ ಅಂಕಣದವರೆಗೆ

ಬತ್ತಲಗುಂಡು: ಪೊಂಗಲ್ ಬಂತೆಂದರೆ ದಿಂಡಿಗಲ್, ತೇಣಿ ಜಿಲ್ಲೆಗಳ ಹಳ್ಳಿಗಳಲ್ಲಿ ಕಬಡ್ಡಿ ಪಂದ್ಯಗಳ ಸುಗ್ಗಿ. ಗೆದ್ದವರಿಗೆ ನಗದು, ಕಪ್ಪು, ಜೊತೆಗೊಂದು ಪ್ರಮಾಣಪತ್ರ. ಆದರೆ ಆ ಪ್ರಮಾಣಪತ್ರ ಮುಂದೆ ಕಾಲೇಜು ಸೀಟಿಗೋ ಸರಕಾರಿ ಕೆಲಸಕ್ಕೋ ಉಪಯೋಗಕ್ಕೆ ಬರಬೇಕಾದರೆ ಚೆನ್ನಾಗಿ ಆಡಿದರಷ್ಟೇ ಸಾಲದು. ಪಂದ್ಯ ನಡೆಸಿದವರು ಯಾರು, ಅವರಿಗೆ ಮಾನ್ಯತೆ ಕೊಟ್ಟವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ವ್ಯವಸ್ಥೆಯ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಕ್ರೀಡೆ ಯಾರ ಅಧೀನ?

ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಕ್ರೀಡೆ ರಾಜ್ಯ ಪಟ್ಟಿಗೆ ಸೇರಿದ ವಿಷಯ (33ನೇ ನಮೂದು). ಮೈದಾನ, ತರಬೇತಿ, ಹಾಸ್ಟೆಲ್ ಇವೆಲ್ಲ ಮುಖ್ಯವಾಗಿ ರಾಜ್ಯದ ಹೊಣೆ. ರಾಷ್ಟ್ರೀಯ ನೀತಿ ರೂಪಿಸುವುದು, ರಾಷ್ಟ್ರೀಯ ಸಂಸ್ಥೆಗಳಿಗೆ ಮಾನ್ಯತೆ ಮತ್ತು ಅನುದಾನ ಕೊಡುವುದು ಕೇಂದ್ರದ ಕೆಲಸ. ತಂಡ ಆರಿಸುವುದು, ರಾಜ್ಯ ಮತ್ತು ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುವುದು ಮಾತ್ರ ಸರಕಾರವಲ್ಲ. ಆ ಅಧಿಕಾರ ಆಯಾ ಕ್ರೀಡೆಯ ಖಾಸಗಿ ಸಂಸ್ಥೆಗಳದ್ದು. ಜಿಲ್ಲಾ ಸಂಘ ರಾಜ್ಯ ಸಂಘಕ್ಕೆ, ರಾಜ್ಯ ಸಂಘ ರಾಷ್ಟ್ರೀಯ ಫೆಡರೇಷನ್‌ಗೆ, ಅದು ಅಂತಾರಾಷ್ಟ್ರೀಯ ಫೆಡರೇಷನ್‌ಗೆ ಸೇರಿರುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪೆಟ್ಟು ಬೀಳುವುದು ಆಟಗಾರನಿಗೆ.

ನೀತಿ ನಡೆದು ಬಂದ ದಾರಿ

1954ರಲ್ಲಿ ಅಖಿಲ ಭಾರತ ಕ್ರೀಡಾ ಮಂಡಳಿ, 1961ರಲ್ಲಿ ಪಟಿಯಾಲಾದಲ್ಲಿ ತರಬೇತುದಾರರ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ವೇಳೆಗೆ ಕೇಂದ್ರದಲ್ಲಿ ಕ್ರೀಡೆಗೆಂದೇ ಇಲಾಖೆ ಬಂತು. ಮೊದಲ ರಾಷ್ಟ್ರೀಯ ಕ್ರೀಡಾ ನೀತಿ ಮತ್ತು ಭಾರತೀಯ ಕ್ರೀಡಾ ಪ್ರಾಧಿಕಾರ ಎರಡೂ 1984ರವು. ಎರಡನೇ ನೀತಿ 2001ರಲ್ಲಿ ಬಂತು. ಅದರ ಜಾಗಕ್ಕೆ ತಂದ 'ಖೇಲೋ ಭಾರತ್ ನೀತಿ'ಗೆ ಕೇಂದ್ರ ಸಂಪುಟ 2025ರ ಜುಲೈ 1ರಂದು ಒಪ್ಪಿಗೆ ಕೊಟ್ಟಿತು.

ಫೆಡರೇಷನ್‌ಗಳನ್ನು ಹತೋಟಿಯಲ್ಲಿಡಲು 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆ ಇತ್ತು. ಆದರೆ ಅದು ಕಾಯಿದೆಯಾಗಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯನ್ನು ಅಂಗೀಕರಿಸಿತು. ಸಂಸ್ಥೆಗಳಿಗೆ ಮಾನ್ಯತೆ ಕೊಡಲು ರಾಷ್ಟ್ರೀಯ ಕ್ರೀಡಾ ಮಂಡಳಿ, ವ್ಯಾಜ್ಯ ತೀರಿಸಲು ನ್ಯಾಯಮಂಡಳಿ, ಚುನಾವಣೆಗಳ ಮೇಲ್ವಿಚಾರಣೆಗೆ ಪ್ರತ್ಯೇಕ ಸಮಿತಿ ಇದರ ಮುಖ್ಯ ಅಂಶಗಳು. ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಅವರಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು. ಸರಕಾರದ ಹಣ ಪಡೆಯುವ ಸಂಸ್ಥೆ ಆ ಹಣದ ಮಟ್ಟಿಗೆ ಮಾಹಿತಿ ಹಕ್ಕಿನಡಿ ಉತ್ತರ ಕೊಡಬೇಕು.

ಕಬಡ್ಡಿ ಕಲಿಸಿದ ಪಾಠ

ಇಂಥ ಕಾಯಿದೆ ಏಕೆ ಬೇಕಾಯಿತು ಎನ್ನುವುದಕ್ಕೆ ಕಬಡ್ಡಿಯೇ ಸಾಕ್ಷಿ. ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್‌ನಲ್ಲಿ 28 ವರ್ಷ ಒಬ್ಬರೇ ಅಧ್ಯಕ್ಷರಾಗಿದ್ದರು. ಅವರ ನಂತರ ಆ ಸ್ಥಾನ ಅವರ ಪತ್ನಿಗೆ ಹೋಯಿತು. ಮಾಜಿ ಆಟಗಾರರು ಕೋರ್ಟಿಗೆ ಹೋದರು. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆಯ್ಕೆಗಳನ್ನು ರದ್ದುಪಡಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. 2023ರ ಕೊನೆಗೆ ಚುನಾವಣೆ ನಡೆದರೂ ಗೆದ್ದವರ ಕೈಗೆ ಅಧಿಕಾರ ಸಿಗಲಿಲ್ಲ. 2024ರಲ್ಲಿ ಅಂತಾರಾಷ್ಟ್ರೀಯ ಕಬಡ್ಡಿ ಫೆಡರೇಷನ್ ಭಾರತದ ಸಂಸ್ಥೆಯನ್ನೇ ಅಮಾನತಿನಲ್ಲಿಟ್ಟಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಚುನಾಯಿತ ಸಮಿತಿಗೆ ಅಧಿಕಾರ ಒಪ್ಪಿಸುವಂತೆ ಆದೇಶಿಸಿದ ಮೇಲೆ ಇರಾನಿನ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಮಹಿಳಾ ತಂಡದ ದಾರಿ ಸುಗಮವಾಯಿತು. ನಮ್ಮ ನೆಲದ ಆಟದಲ್ಲೇ ನಮ್ಮವರು ಹೊರಗುಳಿಯುವ ಪರಿಸ್ಥಿತಿ ಬಂದಿತ್ತು.

ಹಣ ಎಲ್ಲಿಂದ, ಎಲ್ಲಿಗೆ?

2025-26ರ ಕೇಂದ್ರ ಬಜೆಟ್‌ನಲ್ಲಿ ಯುವಜನ ಮತ್ತು ಕ್ರೀಡಾ ಸಚಿವಾಲಯಕ್ಕೆ ಸುಮಾರು 3,794 ಕೋಟಿ ರೂ. ಇಡಲಾಗಿತ್ತು. ಇದರಲ್ಲಿ ಖೇಲೋ ಇಂಡಿಯಾಕ್ಕೆ 1,000 ಕೋಟಿ, ರಾಷ್ಟ್ರೀಯ ಫೆಡರೇಷನ್‌ಗಳ ನೆರವಿಗೆ 400 ಕೋಟಿ. ಫೆಡರೇಷನ್‌ಗೆ ಮಾನ್ಯತೆ ತಪ್ಪಿದರೆ ಈ ನೆರವೂ ನಿಲ್ಲುತ್ತದೆ.

ಸುಮಾರು 50 ಲಕ್ಷ ಜನರಿರುವ ನ್ಯೂಜಿಲೆಂಡ್‌ನಂಥ ಚಿಕ್ಕ ದೇಶದಲ್ಲಿ 'ಸ್ಪೋರ್ಟ್ ನ್ಯೂಜಿಲೆಂಡ್' ಎಂಬ ಸರಕಾರಿ ಸಂಸ್ಥೆಯಿದೆ. ಬಜೆಟ್ ಮತ್ತು ಲಾಟರಿ ಹಣ ಅದರ ಮೂಲಕ ಪ್ರಾದೇಶಿಕ ಟ್ರಸ್ಟ್‌ಗಳಿಗೆ ತಲುಪುತ್ತದೆ. ನಮ್ಮಲ್ಲಿ ದೆಹಲಿಯ ಹಣ, ರಾಜ್ಯದ ಹಣ, ಊರಿನ ದಾನಿಗಳ ಹಣ ಬೇರೆಬೇರೆ ಕಾಲುವೆಗಳಲ್ಲಿ ಹರಿಯುತ್ತವೆ.

ತಮಿಳುನಾಡಿನಲ್ಲಿ ರಾಜ್ಯದ ಕಾಲುವೆ 1992ರಲ್ಲಿ ಸ್ಥಾಪನೆಯಾದ ಕ್ರೀಡಾ ಅಭಿವೃದ್ಧಿ ಪ್ರಾಧಿಕಾರ. ತಮಿಳಿನಲ್ಲಿ ಇದು 'ವಿಳೈಯಾಟ್ಟು ಮೇಂಬಾಟ್ಟು ಆಣೈಯಂ'. ಬತ್ತಲಗುಂಡಿನವರು ಇದಕ್ಕಾಗಿ ಹೋಗಬೇಕಾದದ್ದು ದಿಂಡಿಗಲ್‌ನ ಜಿಲ್ಲಾ ಕ್ರೀಡಾ ಅಧಿಕಾರಿಯ ಕಚೇರಿಗೆ, ಕಂಬಂ ಕಣಿವೆಯವರು ತೇಣಿಗೆ. ಕ್ರೀಡಾ ಹಾಸ್ಟೆಲ್ ಆಯ್ಕೆ, 'ಮುದಲಮೈಚ್ಚರ್ ಕೋಪ್ಪೈ' ಪಂದ್ಯಗಳ ವಿವರ ಅಲ್ಲಿ ಸಿಗುತ್ತದೆ. 2023ರ ಮೇ ತಿಂಗಳಲ್ಲಿ ಸರಕಾರ ಮತ್ತು ದಾನಿಗಳ ಹಣ ಒಟ್ಟುಗೂಡಿಸುವ 'ತಮಿಳುನಾಡು ಚಾಂಪಿಯನ್ಸ್ ಫೌಂಡೇಷನ್' ಆರಂಭವಾಯಿತು. 2024ರಲ್ಲಿ ಗ್ರಾಮ ಪಂಚಾಯತಿಗಳಿಗೆ ಆಟದ ಸಾಮಾನು ಹಂಚುವ ಯೋಜನೆ ಬಂತು. 2025ರ ಅಕ್ಟೋಬರ್‌ನಲ್ಲಿ ಬಹ್ರೇನ್‌ನ ಏಷ್ಯನ್ ಯುವ ಕ್ರೀಡಾಕೂಟದಲ್ಲಿ ಕಬಡ್ಡಿ ಚಿನ್ನ ಗೆದ್ದ ತಂಡಗಳಲ್ಲಿದ್ದ ಚೆನ್ನೈ ಕಣ್ಣಗಿ ನಗರದ ಕಾರ್ತಿಕಾ, ತಿರುವಾರೂರು ಜಿಲ್ಲೆಯ ಅಭಿನೇಶ್ ಇಬ್ಬರಿಗೂ ರಾಜ್ಯ ಸರಕಾರ ತಲಾ 25 ಲಕ್ಷ ರೂ. ಕೊಟ್ಟಿತು.

ಪ್ರಮಾಣಪತ್ರ: ಯಾರ ಸಹಿಗೆ ಬೆಲೆ?

ಕೇಂದ್ರ ಸರಕಾರದ ಕ್ರೀಡಾ ಕೋಟಾದ ಕೆಲಸಗಳಿಗೆ ಇಂಥ ನಮೂನೆಗಳಿವೆ.

1. ದೇಶದ ಪರ ಆಡಿದ್ದರೆ: ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿಯ ಸಹಿ.
2. ರಾಷ್ಟ್ರೀಯ ಪಂದ್ಯದಲ್ಲಿ ರಾಜ್ಯದ ಪರ ಆಡಿದ್ದರೆ: ರಾಷ್ಟ್ರೀಯ ಫೆಡರೇಷನ್ ಅಥವಾ ರಾಜ್ಯ ಸಂಘದ ಕಾರ್ಯದರ್ಶಿಯ ಸಹಿ.
3. ಅಂತರ ವಿಶ್ವವಿದ್ಯಾಲಯ ಪಂದ್ಯವಾಗಿದ್ದರೆ: ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ಸಹಿ.
4. ರಾಷ್ಟ್ರೀಯ ಶಾಲಾ ಕ್ರೀಡಾಕೂಟವಾಗಿದ್ದರೆ: ಶಿಕ್ಷಣ ಇಲಾಖೆಯ ನಿರ್ದೇಶಕರ ಮಟ್ಟದ ಸಹಿ.

ರಾಜ್ಯ ಸರಕಾರದ ಶೇ. 3 ಕ್ರೀಡಾ ಮೀಸಲಾತಿಗೂ ಪಂದ್ಯದ ಮಟ್ಟ, ಸಂಸ್ಥೆಯ ಮಾನ್ಯತೆ ಎರಡನ್ನೂ ನೋಡುತ್ತಾರೆ. ಊರ ಹಬ್ಬದ ಪಂದ್ಯ ಎಷ್ಟೇ ದೊಡ್ಡದಿರಲಿ, ಈ ಪಟ್ಟಿಯಲ್ಲಿ ಬರುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎನ್ನುವ ಮಕ್ಕಳು ಶಾಲಾ ಕ್ರೀಡೆಯಲ್ಲಿ ಆಡುವುದು ಓದುತ್ತಿರುವ ರಾಜ್ಯದ ಪರವಾಗಿಯೇ. ಕರ್ನಾಟಕದಲ್ಲಿ ನೆಂಟರಿದ್ದಾರೆ ಎಂದ ಮಾತ್ರಕ್ಕೆ ಆ ರಾಜ್ಯದ ತಂಡದಲ್ಲಿ ಜಾಗ ಸಿಗದು.

ಆದ್ದರಿಂದ ಮಗ ಅಥವಾ ಮಗಳನ್ನು ಪಂದ್ಯಕ್ಕೆ ಕಳಿಸುವ ಮೊದಲು ಶಾಲೆಯ ದೈಹಿಕ ಶಿಕ್ಷಕರ ಬಳಿ ಎರಡು ವಿಷಯ ಕೇಳಿ ತಿಳಿಯುವುದು ಒಳ್ಳೆಯದು. ಪಂದ್ಯ ನಡೆಸುವ ಸಂಘ ರಾಜ್ಯ ಸಂಘಕ್ಕೆ ಸೇರಿದೆಯೇ? ಆ ರಾಜ್ಯ ಸಂಘ ಮಾನ್ಯತೆಯಿರುವ ರಾಷ್ಟ್ರೀಯ ಫೆಡರೇಷನ್‌ಗೆ ಸೇರಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ, ಅಲ್ಲಿ ಸಿಗುವ ಕಾಗದವನ್ನು ಜೋಪಾನವಾಗಿ ಎತ್ತಿಡಬೇಕು.