ಕಬ್ಬಿಗೆ ರೋಗ, ಹುಳು ತಡೆಯೋ ಶಕ್ತಿ ಬಂದಿದ್ದು ಕಾಡು ಕಬ್ಬಿನಿಂದ: ತಿಳಿಯಬೇಕಾದ ಸಂಗತಿಗಳು

ಕೆರೆಬಿಳಚಿ: ಚನ್ನಗಿರಿ ತಾಲ್ಲೂಕಿನಲ್ಲಿ ಈಗ ಅಡಿಕೆಯದೇ ಕಾರುಬಾರು. ಆದರೂ ಕಬ್ಬು ಹಾಕೋ ರೈತರಿದ್ದಾರೆ. ಸುಳಿ ಕೊರಕ, ಗೊಣ್ಣೆ ಹುಳು, ಕೆಂಪು ಕೊಳೆ ರೋಗ ಬಂದರೆ ಔಷಧಿ ಅಂಗಡಿಗೆ ಓಡೋದು ರೂಢಿ. ಆದರೆ ತಡೆಯೋ ಶಕ್ತಿ ಒಂದಷ್ಟು ಬಿತ್ತನೆ ತುಂಡಿನಲ್ಲೇ ಇರುತ್ತೆ. ಅದರಲ್ಲಿ ಕಾಡು ಕಬ್ಬಿನ ಪಾಲು ದೊಡ್ಡದು.

ಕಾಡು ಕಬ್ಬು ಅಂದರೆ ಏನು?

ಹಳ್ಳ, ಹೊಳೆ ದಂಡೆಯಲ್ಲಿ ಬೆಳೆದು ಬೆಳ್ಳಗೆ ಹೂ ಬಿಡೋ ತೆಳ್ಳನೆ ಹುಲ್ಲಿನ ಜಾತಿ ಇದು. ವೈಜ್ಞಾನಿಕ ಹೆಸರು ಸಕ್ಕರಂ ಸ್ಪಾಂಟೇನಿಯಂ. ಸಿಹಿ ಕಡಿಮೆ, ನಾರು ಜಾಸ್ತಿ. ಆದರೆ ಬರ, ರೋಗ ತಡೆದುಕೊಳ್ಳುತ್ತೆ. ಇದರ ಇನ್ನೊಂದು ನೆಂಟ ಎರಿಯಾಂಥಸ್ ಹುಲ್ಲನ್ನೂ ತಳಿ ಕೆಲಸಕ್ಕೆ ಬಳಸುತ್ತಾರೆ.

ಕೊಯಮತ್ತೂರಿನ ಕೆಲಸ

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಸಿ.ಎ. ಬಾರ್ಬರ್, ಟಿ.ಎಸ್. ವೆಂಕಟರಾಮನ್ ಅವರು 'ವೆಲ್ಲೈ' ಎಂಬ ದಪ್ಪ ರಸದ ಕಬ್ಬಿಗೆ ಕಾಡು ಕಬ್ಬನ್ನು ಸೇರಿಸಿದರು. ಅದರಿಂದ ಬಂದ 'ಸಿಒ 205' ತಳಿ 1918ರಲ್ಲಿ ಬಿಡುಗಡೆಯಾಯಿತು. ನಮ್ಮ ರಾಜ್ಯದಲ್ಲಿ ಹೆಚ್ಚು ಬೆಳೆಯೋ 'ಸಿಒ 86032' ಹೆಸರಿನಲ್ಲಿರೋ 'ಸಿಒ' ಅಂದರೂ ಕೊಯಮತ್ತೂರೇ.

ಜಾವಾ ದ್ವೀಪದಲ್ಲೂ ಇದೇ ದಾರಿ ಹಿಡಿದರು. 'ಸೆರೆ' ರೋಗದಿಂದ ಕಬ್ಬು ಹಾಳಾಗುತ್ತಿದ್ದಾಗ ಕಾಡು ಕಬ್ಬಿನ ರಕ್ತ ಸೇರಿದ 'ಪಿಒಜೆ 2878' ತಳಿಯನ್ನು 1921ರಲ್ಲಿ ಬೆಳೆಸಿದರು.

ಇಷ್ಟು ವರ್ಷ ಯಾಕೆ ಬೇಕು?

ಮೊದಲ ಸಂಕರದ ಮರಿ ತೆಳ್ಳಗೆ, ಸಕ್ಕರೆ ಕಡಿಮೆ. ಆದ್ದರಿಂದ ಎರಡು-ಮೂರು ಸಲ ಮತ್ತೆ ಒಳ್ಳೆ ಕಬ್ಬಿನ ಜೊತೆ ಸೇರಿಸಬೇಕು. ಪ್ರತಿ ಸಲವೂ ಸಾವಿರಾರು ಸಸಿಗಳಲ್ಲಿ ಕೆಲವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಒಂದು ತಳಿ ಗದ್ದೆಗೆ ಬರೋಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತೆ.

ಒಂದೇ ತಳಿ ನಂಬಿದರೆ

ತುಂಡು ನೆಟ್ಟು ಬೆಳೆಸೋದರಿಂದ ಒಂದು ತಳಿಯ ಕಬ್ಬೆಲ್ಲಾ ಒಂದೇ ಗಿಡದ ನಕಲು. ರೋಗ ಒಂದಕ್ಕೆ ತಗುಲಿದರೆ ಎಲ್ಲಕ್ಕೂ ತಗುಲಬಹುದು. ಉತ್ತರ ಪ್ರದೇಶದಲ್ಲಿ ಬಹುಪಾಲು ಕಬ್ಬಿನ ಪ್ರದೇಶ ಆವರಿಸಿದ್ದ 'ಸಿಒ 0238' ತಳಿ ಕೆಂಪು ಕೊಳೆಗೆ ತುತ್ತಾಗಿ ಅಲ್ಲಿನ ರೈತರು ಬೇರೆ ತಳಿ ಹುಡುಕಬೇಕಾಯಿತು.

ತಳಿಯೊಂದೇ ಸಾಲದು ಅನ್ನೋದಕ್ಕೂ ಉದಾಹರಣೆ ಇದೆ. 2002ರಲ್ಲಿ ಕರ್ನಾಟಕ, ಮಹಾರಾಷ್ಟ್ರಕ್ಕೆ ಬಿಳಿ ಉಣ್ಣೆ ಹೇನು ಬಂದಾಗ, ಅದನ್ನು ತಿನ್ನೋ ಡೈಫಾದಂತಹ ಮಿತ್ರ ಕೀಟಗಳು ನೆರವಾದವು.

ಬಿತ್ತನೆ ತರುವ ಮುಂಚೆ

ಕಬ್ಬು ಸೀಳಿ ನೋಡಿ. ಒಳಗೆ ಕೆಂಪಾಗಿ, ನಡುನಡುವೆ ಬಿಳಿ ಅಡ್ಡ ಪಟ್ಟಿ ಇದ್ದು, ಹೆಂಡದ ವಾಸನೆ ಬಂದರೆ ಅದು ಕೆಂಪು ಕೊಳೆ ಲಕ್ಷಣ. ಅಂಥ ಗದ್ದೆಯ ತುಂಡು ತರಬೇಡಿ. ಗದ್ದೆಯೆಲ್ಲಾ ಒಂದೇ ತಳಿ ಹಾಕದೆ, ನಮ್ಮ ಭಾಗಕ್ಕೆ ಯಾವುದು ಸೂಕ್ತ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.