ಕೇಳಿದ ಹೆಸರು, ಬರೆದ ಹೆಸರು: ಕೋಲಾರ ಚಿನ್ನದ ಗಣಿಸೀಮೆಯಿಂದ ಒಂದು ಪಾಠ

ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಮಾತು ಕಳೆದುಕೊಂಡಿದ್ದ ಜಕರೀಯನು ಹಲಗೆಯೊಂದನ್ನು ತರಿಸಿಕೊಂಡು ಮಗುವಿನ ಹೆಸರನ್ನು ಬರೆಯುತ್ತಾನೆ. ಬರೆದ ಬಳಿಕ ಅವನ ನಾಲಿಗೆ ಸಡಿಲಗೊಳ್ಳುತ್ತದೆ. ದೀಕ್ಷಾಸ್ನಾನದ ದಾಖಲೆ ಪುಸ್ತಕದ ಮುಂದೆ ಲೇಖನಿ ಹಿಡಿದು ಕುಳಿತ ಗುರುವಿನ ಪಾಲಿಗೆ ಈ ಕ್ರಮ ತಿರುವುಮುರುವು. ಮೊದಲು ತಾಯಿತಂದೆಯರ ನಾಲಿಗೆ, ಅನಂತರ ಹಲಗೆ. ಕಿವಿಗೆ ಬಿದ್ದ ಧ್ವನಿ ಅಕ್ಷರವಾಗುವ ಆ ಕ್ಷಣದಲ್ಲಿ ಏನು ಉಳಿಯುತ್ತದೆ, ಏನು ಬದಲಾಗುತ್ತದೆ ಎಂಬುದನ್ನು ತಿಳಿಯಲು ಕೋಲಾರ ಚಿನ್ನದ ಗಣಿಸೀಮೆ ಒಂದು ಉತ್ತಮ ಪಾಠಶಾಲೆ.

ಊರ ಹೆಸರುಗಳಿಂದಲೇ ಆರಂಭಿಸಬಹುದು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಈ ಸೀಮೆಯ ಚಿನ್ನವನ್ನು ಕುರಿತು ವರದಿ ಮಾಡಿದ ಕಾಲದಲ್ಲಿ ಭಾರತೀಯ ಹೆಸರುಗಳನ್ನು ಆಂಗ್ಲ ಅಕ್ಷರಗಳಲ್ಲಿ ಬರೆಯಲು ನಿಶ್ಚಿತ ನಿಯಮವಿರಲಿಲ್ಲ. ಆಂಗ್ಲರ ಕಿವಿಗೆ ಕೇಳಿದ್ದೇ ಬರಹ. ಅಕಾರಕ್ಕೆ 'ಯು', ಊಕಾರಕ್ಕೆ ಜೋಡಿ 'ಒ' ಬಳಸುವ ಈ ರೂಢಿಯಿಂದಲೇ ನಂದಿದುರ್ಗವು ಗಣಿ ಕಂಪನಿಯ ಹೆಸರಿನಲ್ಲಿ 'ನಂಡಿಡ್ರೂಗ್' ಆಯಿತು. ಉರಿಗಾಂ ಎಂಬ ಒಂದೇ ಊರನ್ನು ಗಣಿ ಕಂಪನಿ ಒಂದು ಬಗೆಯಲ್ಲಿ, ರೈಲು ನಿಲ್ದಾಣ ಇನ್ನೊಂದು ಬಗೆಯಲ್ಲಿ ಬರೆದವು. 1871ರಲ್ಲಿ ಡಬ್ಲ್ಯೂ. ಡಬ್ಲ್ಯೂ. ಹಂಟರ್ ಅವರು ಭಾರತೀಯ ಹೆಸರುಗಳ ಬರಹಕ್ಕೆ ಒಂದು ಕೈಪಿಡಿಯನ್ನು ಪ್ರಕಟಿಸಿ, ಧ್ವನಿಗೆ ನಿಶ್ಚಿತ ಅಕ್ಷರವೆಂಬ ಕ್ರಮವನ್ನು ತಂದರು. ಆದರೆ ಅಷ್ಟರಲ್ಲಿ ರೂಢಿಯಾಗಿದ್ದ ಬರಹಗಳೂ ಹಳೆಯ ಕಿವಿಯನ್ನು ಅನುಸರಿಸಿದ ಬರಹಗಳೂ ಹಾಗೆಯೇ ಮುಂದುವರಿದವು.

ಬಂಗಾರಪೇಟೆಯ ಕಥೆ ಇದಕ್ಕೆ ಎದುರು ದಿಕ್ಕಿನದು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಿಂದ ಅದು ಬೌರಿಂಗ್‌ಪೇಟೆ. ಆಂಗ್ಲ ಹೆಸರಿನ ಬಕಾರ, ರಕಾರ ಮತ್ತು ಅನುಸ್ವಾರಗಳು 'ಬಂಗಾರ'ದಲ್ಲಿ ಸ್ಥಾನ ಬದಲಿಸಿ ನಿಂತಿವೆ. ಧ್ವನಿ ತುಸು ಸರಿಯಿತು. ಸರಿದ ಜಾಗದಲ್ಲಿ ಅರ್ಥವೊಂದು ಕಾದಿತ್ತು, ಹತ್ತಿರದಲ್ಲಿಯೇ ಚಿನ್ನದ ಗಣಿಗಳೂ ಇದ್ದವು. ರೈಲ್ವೆಯ ಸಂಕೇತಾಕ್ಷರ ಮಾತ್ರ ಇಂದಿಗೂ 'ಬಿ.ಡಬ್ಲ್ಯೂ.ಟಿ.' ಎಂದೇ ಉಳಿದಿದೆ. ಬಾಯಿ ಮರೆತದ್ದನ್ನು ದಾಖಲೆ ನೆನಪಿಟ್ಟುಕೊಳ್ಳುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಕಾರ್ಮಿಕರು ಬಂದರು. ಅವರೊಂದಿಗೆ ಕ್ರೈಸ್ತ ಹೆಸರುಗಳೂ ಬಂದವು. ತಮಿಳು ಕಥೋಲಿಕ ಪರಂಪರೆ ಪವಿತ್ರ ನಾಮಗಳನ್ನು ಎರಡು ಬಗೆಯಲ್ಲಿ ಸ್ವೀಕರಿಸಿತ್ತು. ಒಂದು ಧ್ವನಿಯ ಮಾರ್ಗ: ಪೋರ್ಚುಗೀಸರ ಬಾಯಿಂದ ಕೇಳಿದ ಕ್ಸೇವಿಯರ್ ಸವೇರಿಯಾರ್ ಆದ, ಸವರಿ ಆದ, ಕನ್ನಡದಲ್ಲಿ ಚೌರಪ್ಪನಾದ. ಇನ್ನೊಂದು ಅರ್ಥದ ಮಾರ್ಗ: ದೇವರ ಕೃಪೆಯನ್ನು ಸೂಚಿಸುವ ಯೊವಾನ್ನನು ಅರುಳಪ್ಪನಾದ, ಲ್ಯಾಟಿನ್ನಿನಲ್ಲಿ 'ಸಣ್ಣವನು' ಎಂಬ ಅರ್ಥವುಳ್ಳ ಪೌಲನು ಚಿನ್ನಪ್ಪನಾದ. ತಮಿಳಿನ 'ಚಿನ್ನ' ಎಂದರೆ ಸಣ್ಣದು, ಕನ್ನಡದ 'ಚಿನ್ನ' ಎಂದರೆ ಹೊನ್ನು. ಅರ್ಥಾನುವಾದವಾಗಿ ಬಂದ ಹೆಸರನ್ನು ನೆರೆಯ ಕನ್ನಡಿಗರು ಧ್ವನಿಯಾಗಿ ಕೇಳಿದರೆ, ತನ್ನನ್ನು ಪ್ರೇಷಿತರಲ್ಲಿ ಅತ್ಯಲ್ಪನೆಂದು ಕರೆದುಕೊಂಡ ಪೌಲನು ಬೌರಿಂಗ್‌ಪೇಟೆಯಂತೆಯೇ ಬಂಗಾರವಾಗುತ್ತಾನೆ!

ಇಲ್ಲಿಯವರೆಗೆ ಇದು ಕುತೂಹಲದ ವಿಷಯ. ತೊಡಕು ಬರುವುದು ಲಿಪಿಯಿಂದ ಲಿಪಿಗೆ ದಾಟುವಾಗ. ತಮಿಳು ಲಿಪಿಯಲ್ಲಿ ಕಕಾರ-ಗಕಾರಗಳಿಗೆ ಒಂದೇ ಅಕ್ಷರ, ತಕಾರ-ದಕಾರಗಳಿಗೆ ಒಂದೇ ಅಕ್ಷರ, ಪಕಾರ-ಬಕಾರಗಳಿಗೂ ಒಂದೇ. ಸ್ಥಾನ ನೋಡಿ ಓದುಗನೇ ಉಚ್ಚರಿಸುತ್ತಾನೆ. ಕನ್ನಡ ಲಿಪಿಯಾದರೋ ಪ್ರತಿಯೊಂದು ಭೇದವನ್ನೂ ಬರೆದು ತೋರಿಸುತ್ತದೆ. ತಮಿಳಿನಲ್ಲಿ ಬರೆದ ದಾವೀದನನ್ನು ಅಕ್ಷರಕ್ಕೆ ಅಕ್ಷರವಿಟ್ಟು ಕನ್ನಡಕ್ಕೆ ತಂದರೆ 'ತಾವೀತು' ಆಗುತ್ತಾನೆ. ಗಬ್ರಿಯೇಲನ ಗತಿ ಇನ್ನೂ ಕಷ್ಟ: 'ಕಪಿರಿಯೇಲ್'. ದೇವದೂತನ ಹೆಸರು ಹೊತ್ತ ಬಾಲಕನು ಶಾಲೆಯ ಹಾಜರಿ ಪುಸ್ತಕದಲ್ಲಿ 'ಕಪಿ' ಆಗುವುದು ನಗುವ ವಿಷಯವಲ್ಲ. ಮನೆಯಲ್ಲಿ ಯಾರೂ ಅವನನ್ನು ಹಾಗೆ ಕರೆದಿರುವುದಿಲ್ಲ. ಅಕ್ಷರಕ್ಕೆ ನಿಷ್ಠರಾದವರು ಧ್ವನಿಗೆ ದ್ರೋಹ ಬಗೆದಿರುತ್ತಾರೆ.

ಉಚ್ಚಾರದ ಭೇದವನ್ನು ಕೊರತೆಯೆಂದು ಎಣಿಸುವುದೂ ಸಲ್ಲದು. ತಮಿಳರ ಬಾಯಲ್ಲಿ ಇಂದಿಗೂ ಉಳಿದಿರುವ ೞಕಾರ ಒಮ್ಮೆ ನಮ್ಮದೂ ಆಗಿತ್ತು. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅದನ್ನು ಜತನದಿಂದ ವಿವೇಚಿಸಿದ್ದಾನೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. ನಾವು ಕಳೆದುಕೊಂಡದ್ದನ್ನು ಉಳಿಸಿಕೊಂಡ ನೆರೆಯವನ ನಾಲಿಗೆಯನ್ನು ನಾವು ಹಂಗಿಸುವುದು ಹೇಗೆ? ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯ ಇಲ್ಲಿ ಎಚ್ಚರಿಕೆಯಾಗಿ ನಿಲ್ಲುತ್ತದೆ. ಯೊರ್ದನಿನ ಹಾಯ್ಗಡದಲ್ಲಿ ಒಂದು ಶಕಾರವನ್ನು ಸಕಾರವಾಗಿ ನುಡಿದವರು ಪ್ರಾಣ ತೆತ್ತರು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಇಂಥ ಬದುಕಿನಲ್ಲಿ ಹೆಸರಿನ ಪುರಾವೆ ಮತ್ತೆ ಮತ್ತೆ ಬೇಕಾಗುತ್ತದೆ. ಅಜ್ಜನ ಹೆಸರು ಒಂದು ಕಡೆ ಲ್ಯಾಟಿನ್ ರೂಪದಲ್ಲಿ, ಇನ್ನೊಂದು ಕಡೆ ಆಂಗ್ಲ ಅಕ್ಷರಗಳಲ್ಲಿ, ಮತ್ತೊಂದು ಕಡೆ ಕನ್ನಡದಲ್ಲಿ ಇದ್ದರೆ, ಸಿನ್ನಪ್ಪನೂ ಚಿನ್ನಪ್ಪನೂ ಒಬ್ಬನೇ ಎಂದು ಸಾಧಿಸುವ ಹೊರೆ ಬಡವನ ಮೇಲೆ ಬೀಳುತ್ತದೆ. ಧರ್ಮಸಭೆಯ ನಿಯಮಸಂಹಿತೆಯ 535ನೆಯ ನಿಯಮ ಧರ್ಮಕೇಂದ್ರದ ದಾಖಲೆಗಳನ್ನು ನಿಖರವಾಗಿ ಬರೆದು ಕಾಪಾಡಬೇಕೆಂದು ವಿಧಿಸುತ್ತದೆ. 877ನೆಯದು ದೀಕ್ಷಾಸ್ನಾನದ ವಿವರಗಳನ್ನು ತಡಮಾಡದೆ ಬರೆಯಬೇಕೆನ್ನುತ್ತದೆ. ನಿಖರತೆ ಎಂದರೆ ಇಲ್ಲಿ ಕೇವಲ ಅಕ್ಷರಶುದ್ಧಿಯಲ್ಲ. ಹೆಸರು ಹೊತ್ತವನು ತನ್ನನ್ನು ತಾನು ಗುರುತಿಸಬಲ್ಲನೆ ಎಂಬ ಪ್ರಶ್ನೆ.

ಆದುದರಿಂದ ಗುರುಮಠದಲ್ಲಿರುವ ಸಹೋದರರಿಗೆ ಒಂದು ಸರಳ ಸೂಚನೆ. ಹೆಸರನ್ನು ಬರೆಯುವ ಮುನ್ನ ಅದನ್ನು ತಾಯಿಯ ಬಾಯಿಂದಲೇ ಕೇಳಿರಿ. ಬರೆದ ಮೇಲೆ ಗಟ್ಟಿಯಾಗಿ ಓದಿ, ಆಕೆ ತಲೆದೂಗುವವರೆಗೆ ಕಾಯಿರಿ. ಹಳೆಯ ದಾಖಲೆಯ ಬರಹವನ್ನು ಅಳಿಸದಿರಿ. ಅದೂ ಒಬ್ಬ ಗುರು ಒಮ್ಮೆ ಕೇಳಿಸಿಕೊಂಡದ್ದರ ಸಾಕ್ಷಿ. ಬೇಕಾದ ಸ್ಪಷ್ಟೀಕರಣವು ಕ್ರಮಬದ್ಧವಾಗಿ ಅಂಚಿನಲ್ಲಿ ಬರಲಿ. ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಜನರೆಲ್ಲರನ್ನೂ ಒಂದೇ ಉಚ್ಚಾರಕ್ಕೆ ತರಲಿಲ್ಲ. ಪ್ರತಿಯೊಬ್ಬನೂ ತನ್ನ ನುಡಿಯಲ್ಲಿಯೇ ಕೇಳುವಂತೆ ಮಾಡಿದರು. ಉತ್ತಮ ಕುರಿಗಾಹಿ ತನ್ನ ಕುರಿಗಳನ್ನು ಹೆಸರಿಡಿದು ಕರೆಯುತ್ತಾನೆ, ಅವು ಅವನ ಸ್ವರವನ್ನು ಗುರುತಿಸುತ್ತವೆ ಎಂದು ಯೊವಾನ್ನನು ಬರೆದಿದ್ದಾನೆ. ಸ್ವರ ತಪ್ಪಿದರೆ ಕುರಿ ತಲೆಯೆತ್ತುವುದಿಲ್ಲ.