ತಾತನ ತೊಲೆ ಯಾವ ಮರದ್ದು?

ಅಗ್ರಹಾರದಲ್ಲಿ ರಾಮಾನುಜ ರಸ್ತೆಯ ಹಿಂದಿನ ಓಣಿಯಲ್ಲಿದ್ದ ನಮ್ಮ ತಾತನ ಮನೆ ಕೆಡವಿದಾಗ, ಹಳೇ ಮರ ಕೊಳ್ಳುವವರ ಲಾರಿ ಹತ್ತುವ ಮುಂಚೆ ನಡುಮನೆ ತೊಲೆಯಿಂದ ಒಂದು ಮೊಳ ಕೊಯ್ಸಿ ಇಟ್ಟುಕೊಂಡೆ. ಒಂಬತ್ತು ಜನ ಮೊಮ್ಮಕ್ಕಳಿಗೂ ಅದರಲ್ಲಿ ಒಂದೊಂದು ಪೆನ್ನು ಕಡೆಸಿ ಕೊಡೋಣ ಅಂತ ಆಸೆ. ಪೆನ್ನಿನ ಡಬ್ಬಿ ಮೇಲೆ ಮರದ ಹೆಸರು ಬರೆಸಬೇಕಲ್ಲ, ತಕರಾರು ಶುರುವಾಗಿದ್ದೇ ಅಲ್ಲಿ.

"ಬೀಟೆ ಕಣೋ, ಅದರಲ್ಲೇನು ಅನುಮಾನ?" ಅಂದರು ದೊಡ್ಡಪ್ಪ. ಅಜ್ಜಿಯ ಕಾಸಿನ ಸರ ಮಾರಿ ತಾತ ಆ ತೊಲೆ ತಂದಿದ್ದು ನಮ್ಮನೆಯ ದೊಡ್ಡ ಕಥೆ. ಆ ಮನೆಯಲ್ಲಿ ಹುಟ್ಟಿ ಬೆಳೆದವರಲ್ಲಿ ಈಗ ಉಳಿದಿರೋದು ದೊಡ್ಡಪ್ಪ ಒಬ್ಬರೇ.

ಮಂಡಿ ಮೊಹಲ್ಲಾದಲ್ಲಿ ಲೇತ್ ಇಟ್ಟುಕೊಂಡಿರುವ ಕುಶಲಕರ್ಮಿಯೊಬ್ಬರು ತುಂಡಿನ ಮೇಲೆ ಎರಡು ಸಲ ಉಜ್ಜುಗೊರಡು ಆಡಿಸಿ ತಲೆಯಾಡಿಸಿದರು. "ಬೀಟೆ ಅಲ್ಲ ಸಾರ್. ಬೀಟೆ ಆಗಿದ್ರೆ ಒಳಗೆ ನೇರಳೆ ಛಾಯೆ, ಕಪ್ಪು ಗೆರೆ ಇರ್ಬೇಕಿತ್ತು. ಇದು ಹಳದಿ. ಹೊನ್ನೆ ಇರ್ಬೇಕು, ಇಲ್ಲ ಹಲಸು. ಚಕ್ಕೆ ನೀರಿಗೆ ಹಾಕಿ ನೋಡಿ."

ಮನೆಗೆ ಬಂದು ಗಾಜಿನ ಲೋಟದಲ್ಲಿ ಚಕ್ಕೆ ನೆನೆಹಾಕಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಹಲಸೂ ನೀರಿಗೆ ಹಳದಿ ಬಿಡುತ್ತೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕೋಕೆ ಅದನ್ನು ಬಳಸುತ್ತಿದ್ದರು. ಹಾಗಾಗಿ ಹಳದಿಯೊಂದೇ ಸಾಕ್ಷಿಯಾಗದು. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ಬಿಸಿಲಿಗೆ ಒಡ್ಡಿದೆ. ಅಂಚಿನಲ್ಲಿ ಸೀಮೆಎಣ್ಣೆಯಂಥ ನೀಲಿ ಮಿನುಗಿತು.

ಈ ನೀಲಿಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ.

1565ರಲ್ಲಿ ಸ್ಪೇನಿನ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ ಮೆಕ್ಸಿಕೋದಿಂದ ಬರುತ್ತಿದ್ದ ಒಂದು ಮರದ ಬಗ್ಗೆ ಬರೆದ. ಅದರ ಚಕ್ಕೆ ನೆನೆಸಿದ ನೀರು ನೀಲಿಯಾಗುತ್ತೆ, ಮೂತ್ರಪಿಂಡದ ಕಾಯಿಲೆಗೆ ಕುಡಿಯುತ್ತಾರೆ ಅಂತ. ಮರಕ್ಕೆ 'ಲಿಗ್ನಮ್ ನೆಫ್ರಿಟಿಕಮ್' ಎಂದು ಹೆಸರಾಯಿತು, ಅಂದರೆ ಮೂತ್ರಪಿಂಡದ ಮರ. ಆಮೇಲೆ ಯುರೋಪಿಗೆ ಅದೇ ಹೆಸರಿನಲ್ಲಿ ಕಡೆದ ಬಟ್ಟಲುಗಳೂ ಬಂದವು. ನೀರು ಹುಯ್ದರೆ ಸಾಕು, ನೀಲಿ. ಜೆಸ್ವಿಟ್ ವಿದ್ವಾಂಸ ಕಿರ್ಷರ್ ಅಂಥದ್ದೊಂದು ಬಟ್ಟಲಿನ ಬಗ್ಗೆ 1646ರಲ್ಲಿ ಬರೆದ. 1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಆ ನೀರಿಗೆ ಹುಳಿ ಹಾಕಿದರೆ ನೀಲಿ ಮಾಯವಾಗುತ್ತೆ, ಕ್ಷಾರ ಹಾಕಿದರೆ ಮತ್ತೆ ಬರುತ್ತೆ ಎಂದು ಪ್ರಯೋಗ ಮಾಡಿ ತೋರಿಸಿದ. ಇಂಥ ಹೊಳಪಿಗೆ 'ಫ್ಲೂರೊಸೆನ್ಸ್' ಅಂತ ಸ್ಟೋಕ್ಸ್ ಹೆಸರಿಟ್ಟಿದ್ದು 1852ರಲ್ಲಿ, ಬಹಳ ತಡವಾಗಿ.

ಇಷ್ಟೆಲ್ಲ ಆದರೂ ಅದು ಯಾವ ಮರ ಅನ್ನೋದು ಮಾತ್ರ ಇತ್ಯರ್ಥವಾಗಲಿಲ್ಲ. ಚಕ್ಕೆ ಇತ್ತು, ಬಟ್ಟಲಿತ್ತು. ಎಲೆ, ಹೂವು ಕಂಡವರು ಮಾತ್ರ ಸಮುದ್ರದಾಚೆ. 1915ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ವಿಲಿಯಂ ಸ್ಯಾಫರ್ಡ್ ಗಂಟು ಬಿಚ್ಚಿದ: ಮರ ಒಂದಲ್ಲ, ಎರಡು. ಔಷಧಿಯ ಚಕ್ಕೆ ಮೆಕ್ಸಿಕೋದ ಒಂದು ಸಣ್ಣ ಮರದ್ದು, ಐಸೆನ್‌ಹಾರ್ಡ್ಟಿಯಾ. ಬಟ್ಟಲುಗಳು ಫಿಲಿಪ್ಪೀನ್ಸ್‌ನ ದೊಡ್ಡ ನರ್ರಾ ಮರದ್ದು. ಫಿಲಿಪ್ಪೀನ್ಸಿನ ಮನಿಲಾದಿಂದ ಸ್ಪೇನಿನ ಹಡಗುಗಳು ಮೆಕ್ಸಿಕೋಗೆ ಬರುತ್ತಿದ್ದವು; ಬಟ್ಟಲುಗಳೂ ಆ ದಾರಿಯಲ್ಲೇ ಬಂದು ಮೆಕ್ಸಿಕೋದ ಸರಕು ಅನ್ನಿಸಿಕೊಂಡವು. ಸುಮಾರು 350 ವರ್ಷ ಎಲ್ಲರೂ ನಂಬಿದ್ದು ಸರಕು ಬಂದ ಬಂದರನ್ನು, ಮರವನ್ನಲ್ಲ.

ನರ್ರಾ ಅಂದರೆ ಟೆರೊಕಾರ್ಪಸ್ ಇಂಡಿಕಸ್. ನಮ್ಮ ಹೊನ್ನೆ ಟೆರೊಕಾರ್ಪಸ್ ಮಾರ್ಸೂಪಿಯಮ್. ಒಂದೇ ಕುಲದ ದಾಯಾದಿಗಳು. ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ನಮ್ಮಲ್ಲಿ ಮಾರುವ ಹೊನ್ನೆ ಲೋಟ ಆ ಬಟ್ಟಲಿನ ತಮ್ಮನಿದ್ದಂತೆ. (ಲೋಟ ನಂಬಿ ಮಾತ್ರೆ ಬಿಡಬೇಡಿ.)

ದೊಡ್ಡಪ್ಪನಿಗೆ ಹೇಳೋದು ಹೇಗೆ? ಲೋಟವನ್ನೇ ತೆಗೆದುಕೊಂಡು ಹೋಗಿ ಬಿಸಿಲಿಗೆ ಹಿಡಿದೆ. ನಿಂಬೆರಸ ಹಿಂಡಿದೆ, ನೀಲಿ ಹೋಯಿತು. ಅಡುಗೆ ಸೋಡಾ ಹಾಕಿದೆ, ನೊರೆ ಇಳಿದ ಮೇಲೆ ನೀಲಿ ಬಂತು. ಅವರು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ರೇನೋ?"

"ಇಲ್ಲ ದೊಡ್ಡಪ್ಪ. ಅಷ್ಟು ವರ್ಷ ಒಲೆ ಹೊಗೆ ಕುಡಿದು ತೊಲೆ ಕಪ್ಪಾಗಿತ್ತು. ಕಪ್ಪು ಅಂದ್ರೆ ಬೀಟೆ ಅಂತ ಆಮೇಲೆ ಯಾರೋ ಅಂದಿರಬೇಕು, ಅದೇ ನಿಂತುಬಿಟ್ಟಿದೆ. ಸರ ಮಾರಿದ್ದು ನಿಜ ತಾನೇ?"

"ಅದು ನಿಜ. ಅಮ್ಮನ ಬರೀ ಕತ್ತು ನಾನೇ ನೋಡಿದ್ದೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊನ್ನು ಕೊಟ್ಟು ಹೊನ್ನೆ ತಂದ್ರು ಅನ್ನು" ಎಂದು ನಕ್ಕರು.

ಸುಲಭವಾಗಿ ಗೆದ್ದೆ ಅನ್ನಿಸಲಿಲ್ಲ. ಅವರ ಹತ್ತಿರ ಉಳಿದಿದ್ದ ಒಂದು ಮಾತನ್ನು ಕಿತ್ತುಕೊಂಡಿದ್ದೆ ತಾನೇ. ಆದರೆ ಬೀಟೆ ಅಂತಲೇ ಬರೆಸಿದ್ದರೆ ಒಂಬತ್ತು ಮನೆಗೆ ತಪ್ಪು ಹಂಚಿದಂತಾಗುತ್ತಿತ್ತು.

ನೀಲಿ ಹೊಳಪು ಕುಲದ ಸುಳಿವು ಕೊಡುತ್ತದೆ, ಅದೊಂದರಿಂದಲೇ ಜಾತಿ ಖಚಿತವಾಗದು. ರಕ್ತಚಂದನವೂ ಇದೇ ಕುಲ, ಆದರೆ ಅದರ ಚೇಗು ಕೆಂಪು. ಆ ಗೊಂದಲ ನಮಗಿರಲಿಲ್ಲ. ಪಕ್ಕಾ ಆಗಬೇಕಿದ್ದರೆ ಅಡ್ಡ ಕೊಯ್ದ ಮುಖದ ರಂಧ್ರಗಳನ್ನು ಭೂತಗನ್ನಡಿಯಲ್ಲಿ ಬಲ್ಲವರು ನೋಡಬೇಕು; ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಸಂಸ್ಥೆಯ ಕೆಲಸವೇ ಇಂಥದ್ದು. ನಿಮ್ಮ ಹಳೇ ಮನೆ ಕೆಡವುವ ದಿನ ಬಂದರೆ ಒಂದು ಹಿಡಿ ಚಕ್ಕೆಯನ್ನಾದರೂ ಎತ್ತಿಡಿ. ಅದಕ್ಕೂ ಮೊದಲು, ಮನೆಯ ಹಿರಿಯರನ್ನು ಕೂರಿಸಿಕೊಂಡು ಅದರ ಕಥೆ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಡಬ್ಬಿಗಳ ಮೇಲೆ ಈಗ ಹೀಗಿದೆ: ಹೊನ್ನೆ, ಅಗ್ರಹಾರದ ಮನೆ, ಅಜ್ಜಿಯ ಕಾಸಿನ ಸರ.